ಗುಡುಗು: ಇಲ್ಲ

ಹನ್ನೊಂದು ಗಂಟೆಗೆ ಆ ಹೆಂಗಸು ಬರುತ್ತಾಳೆ ಎಂದು ಸಹಾಯಕಿ ಹೇಳಿ ಹೋದದ್ದು ಒಂಬತ್ತಕ್ಕೆ. ಆಗಿನಿಂದ ಅವನು ದಾಖಲೆ ಪುಸ್ತಕದ ಅದೇ ಪುಟವನ್ನು ಹತ್ತು ಸಲ ತೆಗೆದು ಹತ್ತು ಸಲ ಮುಚ್ಚಿದ್ದ. ತೆಗೆದರೆ ಹೊಸದೇನು ಕಾಣಬೇಕು? ಹದಿನೆಂಟನೇ ತಾರೀಖು, ಮಂಗಳವಾರ. ಗಾಳಿ ನೈಋತ್ಯದಿಂದ. ಮೋಡ, ಎಂಟರಲ್ಲಿ ಆರು ಪಾಲು. ಮಳೆ ನಾಲ್ಕು ಮಿಲಿಮೀಟರ್. ಸಾಲಿನ ಕೊನೆಯ ಚೌಕದಲ್ಲಿ, ಗುಡುಗು: ಇಲ್ಲ. ಅಕ್ಷರ ಅವನದು, ಕೆಳಗಿನ ಸಹಿಯೂ ಅವನದು. ಪಕ್ಕದಲ್ಲಿ ಆ ಹೆಂಗಸಿನ ಅರ್ಜಿ. ಅದೇ ಮಂಗಳವಾರ ಮಧ್ಯಾಹ್ನ ಮೂರೂಮುಕ್ಕಾಲರ ಹೊತ್ತಿಗೆ, ಈ ಹವಾಮಾನ ಕಚೇರಿ ನಿಂತಿರುವ ದಿಬ್ಬದ ಕೆಳಗೆ, ನೀರಿನ ಟ್ಯಾಂಕಿಗೆ ಬಣ್ಣ ಬಳಿಯುತ್ತಿದ್ದ ಅವಳ ಗಂಡ ಸತ್ತುಬಿದ್ದಿದ್ದ. ಸಿಡಿಲು ಬಡಿದು ಸತ್ತದ್ದು ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ಆ ದಿನದ ದಾಖಲೆಯ ನಕಲನ್ನು ಮೊಹರು ಹಾಕಿ ಕೊಡಬೇಕು ಎಂದು ಅವಳು ಕೇಳಿದ್ದಳು. ಯಾರೋ ಅವಳನ್ನು ಅನುಮಾನದಿಂದ ನೋಡುತ್ತಿರಬೇಕು, ಇಲ್ಲದಿದ್ದರೆ ಗಂಡ ಸತ್ತ ತಿಂಗಳೊಳಗೆ ಯಾವ ಹೆಂಗಸು ಗುಡುಗಿಗೆ ಸಾಕ್ಷಿ ಹುಡುಕಿಕೊಂಡು ದಿಬ್ಬ ಹತ್ತುತ್ತಾಳೆ? ಹತ್ತಿ ಬಂದವಳ ಕೈಗೆ ತಾನು ಇಡಬೇಕಾದದ್ದು 'ಇಲ್ಲ' ಎನ್ನುವ ಎರಡಕ್ಷರ.

ಆ ಎರಡಕ್ಷರ ಸುಳ್ಳು ಎನ್ನಲು ಅವನಿಗೆ ಬಾಯಿರಲಿಲ್ಲ, ನಿಜ ಎನ್ನಲೂ ಇರಲಿಲ್ಲ. ಅವತ್ತು ಗುಡುಗಿತ್ತೋ ಇಲ್ಲವೋ ಅವನಿಗೆ ಗೊತ್ತೇ ಇಲ್ಲ. ನಾಲ್ಕು ವರ್ಷದಿಂದ ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಅದು ಕಚೇರಿಯಲ್ಲಿ ಒಂದು ನರಪಿಳ್ಳೆಗೂ ತಿಳಿಯದಂತೆ ಅವನು ನೋಡಿಕೊಂಡು ಬಂದಿದ್ದ.

ಬೇರೆ ಯಾವ ಕೆಲಸವಾಗಿದ್ದರೂ ಹೇಗೋ ನಡೆದುಹೋಗುತ್ತಿತ್ತು. ಇಲ್ಲಿ ಮಳೆಗೆ ಅಳತೆಯ ಗಾಜಿದೆ, ಗಾಳಿಗೆ ತಿರುಗುವ ಬಟ್ಟಲುಗಳಿವೆ, ಬಿಸಿಲಿಗೂ ಒಂದು ಗಾಜಿನ ಗುಂಡು ಇದೆ. ಗುಡುಗಿಗೆ ಮಾತ್ರ ಮನುಷ್ಯನ ಕಿವಿಯೇ ಗತಿ. ಮಿಂಚು ಎಷ್ಟು ಕಣ್ಣು ಕುಕ್ಕಿದರೂ ಅದು ಗುಡುಗಿನ ದಿನ ಅಲ್ಲ. ಪಾಳಿಯಲ್ಲಿರುವ ವೀಕ್ಷಕನ ಕಿವಿಗೆ ಒಂದೇ ಒಂದು ಸಲ ಬಿದ್ದರೂ ಅದು ಗುಡುಗಿನ ದಿನ. ಕೆಲಸ ಕಲಿಸಿದ ಹಿರಿಯ ವೀಕ್ಷಕರು ಮೊದಲ ದಿನವೇ ಅವನ ಕಿವಿ ಹಿಂಡಿ, ನಿಜಕ್ಕೂ ಹಿಂಡಿ, "ಇದಕ್ಕೇ ಕಣಯ್ಯಾ ನಿನಗೆ ಸಂಬಳ, ಜೋಪಾನ" ಎಂದಿದ್ದರು. ಆಗ ಅವನಿಗೆ ಇಪ್ಪತ್ತೆಂಟು. ದೂರದ ಗುಡುಗು ಯಾವುದು, ಖಾಲಿ ಲಾರಿ ಯಾವುದು, ಕ್ವಾರಿಯಲ್ಲಿ ಬಂಡೆ ಒಡೆದದ್ದು ಯಾವುದು ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿ ಗುಡುಗಿಗೆ ಬೆಚ್ಚಿ ಅವನ ತೋಳು ಹಿಡಿದರೆ ಅವನು ಗಡಿಯಾರ ನೋಡುತ್ತಿದ್ದ. "ಹೆಂಡ್ತಿ ಹೆದರ್ಕೊಂಡ್ರೆ ಟೈಮ್ ನೋಡೋ ಗಂಡ ನೀವೊಬ್ಬರೇ ಇರಬೇಕು" ಎಂದು ಅವಳು ನಗುತ್ತಿದ್ದಳು. ಆ ನಗುವಿನ ಸದ್ದು ಹೇಗಿತ್ತು ಎಂದು ಅವನು ಈಗ ನೆನಪಿಸಿಕೊಳ್ಳಲು ನೋಡಿದ. ಹಲ್ಲು ನೆನಪಾಯಿತು, ಕೆನ್ನೆಯ ಗುಳಿ ನೆನಪಾಯಿತು, ಸದ್ದು ಬರಲಿಲ್ಲ.

ಅಪ್ಪನ ಸದ್ದು ಮಾತ್ರ ಹಾಗೇ ಇತ್ತು. ಅಪ್ಪ ಮಾತಾಡುತ್ತಿರಲಿಲ್ಲ, ಗುಡುಗುತ್ತಿದ್ದ. ಮನೆಯಲ್ಲಿ ಎಲ್ಲರೂ ಹಾಗೇ ಹೇಳುತ್ತಿದ್ದರು: ಅಪ್ಪ ಗುಡುಗಿದರು, ಇವತ್ತು ಯಾಕೋ ಗುಡುಗಲಿಲ್ಲ, ಊಟ ಆದಮೇಲೆ ಗುಡುಗುತ್ತಾರೆ ನೋಡು. ಲೆಕ್ಕದಲ್ಲಿ ಕಡಿಮೆ ಅಂಕ ಬಂದ ಸಂಜೆ ಅವನು ಬಾಗಿಲ ಹಿಂದೆ ನಿಂತು ಚಡ್ಡಿ ಒದ್ದೆ ಮಾಡಿಕೊಂಡಿದ್ದ. ಅಕ್ಕ ಏನೂ ಕಾಣದವಳ ಹಾಗೆ ಬಂದು ನೆಲ ಒರೆಸಿ ಹೋಗಿದ್ದಳು. ದಿನಾ ಬೆಳಿಗ್ಗೆ ಪತ್ರಿಕೆ ತೆಗೆದರೆ ಅಲ್ಲೂ ಒಬ್ಬರಲ್ಲ ಒಬ್ಬರು ಗುಡುಗಿರುತ್ತಾರೆ: ಸಭೆಯಲ್ಲಿ ಗುಡುಗಿದ ಅಧ್ಯಕ್ಷ, ವಿರೋಧಿಗಳ ವಿರುದ್ಧ ಗುಡುಗು. ಯಾರಿಗೆ ಕೇಳಿಸಿತಂತೆ? ಎಷ್ಟು ಹೊತ್ತಿಗೆ, ಯಾವ ದಿಕ್ಕಿನಲ್ಲಿ? ಸಾಕ್ಷಿಯಿಲ್ಲದೆ ಗುಡುಗು ಗುಡುಗು ಎಂದು ಬರೆಯುವವರನ್ನು ಕಂಡರೆ ಅವನಿಗೆ ಮೊದಲೆಲ್ಲ ಮೈ ಉರಿಯುತ್ತಿತ್ತು. ಈಗ ಆ ಸಾಲುಗಳನ್ನು ಕಂಡರೆ ನಾಚಿಕೆಯಾಗುತ್ತದೆ, ಏಕೆಂದರೆ ಅವನೂ ಅವರ ಜಾತಿಗೇ ಸೇರಿದ್ದ.

ತಗ್ಗು ಸದ್ದುಗಳು ಮೊದಲು ಹೋದವು. ಕೆಲವರಿಗೆ ಹಾಗಾಗುತ್ತದೆ ಎಂದು ಕಿವಿಯ ಡಾಕ್ಟರು ಹೇಳಿದ್ದರು. ಗುರುತಿನವರು ಯಾರೂ ಸಿಗಬಾರದೆಂದು ಎರಡು ಬಸ್ಸು ಬದಲಾಯಿಸಿ ಅವರ ಹತ್ತಿರ ಹೋಗಿದ್ದ. ಆಮೇಲೆ ಉಳಿದ ಸದ್ದುಗಳೂ ಒಂದೊಂದಾಗಿ ಎದ್ದು ಹೋದವು. ತುಟಿ ನೋಡಿ ಮಾತು ತಿಳಿಯುವುದನ್ನು ಅವನು ತಾನಾಗಿಯೇ ಕಲಿತ. ಹೆಂಡತಿ ಅಡುಗೆಮನೆಯಲ್ಲಿ ಮುಖ ಎದುರಿಗೆ ತಂದು, ಬೇಸರಿಸದೆ, ಒಂದೊಂದೇ ಮಾತು ಹೇಳಿ ಕಲಿಸಿದಳು. ಯಾರಾದರೂ ಬಂದರೆ "ಅವರಿಗೆ ಏನೋ ಯೋಚನೆ, ಅದಕ್ಕೇ ಲಕ್ಷ್ಯ ಇಲ್ಲ" ಎಂದು ತಾನೇ ಸಂಭಾಳಿಸುತ್ತಿದ್ದಳು. ಗುಡುಗಿನ ದಾರಿ ಬೇರೆ ಹುಡುಕಬೇಕಾಯಿತು. ಮೋಡ ಕಟ್ಟಿದಾಗ ಚಹಾದವನನ್ನು ಮಾತಿಗೆಳೆದು "ಏನಪ್ಪಾ, ಜೋರಿದೆಯಲ್ಲ" ಎನ್ನುವುದು. ಅವನು "ಹೌದು ಸಾರ್, ಏನ್ ಗುಡುಗ್ತಿದೆ" ಎಂದರೆ ಬರೆದುಕೊಳ್ಳುವುದು. ಚಹಾದವನಿಲ್ಲದಿದ್ದರೆ ಸೂರಿನ ಪಾರಿವಾಳ ಏಳುತ್ತವೆಯೇ ನೋಡುವುದು, ಕಿಟಕಿಯ ಗಾಜಿಗೆ ಅಂಗೈ ಒತ್ತಿ ನಿಲ್ಲುವುದು. ಥೂ, ಮೂವತ್ತೊಂದು ವರ್ಷದ ಸರ್ವಿಸಿನ ಮೇಲೆ ಪಾರಿವಾಳ ಕಾಯುವ ಬಾಳು. ಇನ್ನು ಹನ್ನೊಂದು ತಿಂಗಳು ದೂಡಿದರೆ ನಿವೃತ್ತಿ, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡಿದ್ದ.

ಆ ಮಂಗಳವಾರ ಚಹಾದವನು ರಜೆಯಲ್ಲಿದ್ದ, ಸಹಾಯಕಿಯೂ ಬೆಳಿಗ್ಗೆಯೇ ತನ್ನ ಊರಿಗೆ ಹೋಗಿದ್ದಳು. ಉಷ್ಣಮಾಪಕಗಳನ್ನು ಇಡುವ ಬಿಳಿಯ ಮರದ ಪೆಟ್ಟಿಗೆಯನ್ನು ಅಂಗಳದಲ್ಲಿ ಒದ್ದೆ ಬಟ್ಟೆಯಿಂದ ಒರೆಸುತ್ತಾ ನಿಂತಿದ್ದಾಗ, ಆ ಬಿಳುಪು ಒಂದು ಕ್ಷಣ ಇನ್ನೂ ಬಿಳಿಚಿಕೊಂಡಿತು. ಕಣ್ಣಿಗೆ ಏನೋ ಆಯಿತೆಂದು ಮೊದಲು ಅನ್ನಿಸಿತು. ಬೆನ್ನ ಹಿಂದಿನ ಆಕಾಶಕ್ಕೆ ತಿರುಗಿದರೆ ಅದು ಎಂದಿನ ಹಾಗೆ ಬೂದಿ ಬಣ್ಣ. ಪೆಟ್ಟಿಗೆಗೆ ಅಂಗೈ ಒತ್ತಿ ನಿಂತ. ಅದರುತ್ತಿದ್ದದ್ದು ಮರವೋ ತನ್ನ ನಾಡಿಯೋ ತಿಳಿಯಲಿಲ್ಲ. ಒಂದು ಸಣ್ಣ ಮಳೆ ಬಂದು ಹೋಯಿತು, ಒಳಗೆ ಬಂದು ಪುಸ್ತಕ ತೆರೆದ. ಹಿಂದಿನ ವಾರ ಹೀಗೇ ಅನುಮಾನದ ಮೇಲೆ ಗುಡುಗು ಎಂದು ಬರೆದಾಗ ಸಹಾಯಕಿ, ಇಪ್ಪತ್ತೈದರ ಹುಡುಗಿ, ಹುಬ್ಬು ಏರಿಸಿ "ಸಾರ್, ನಿನ್ನೆ ಗುಡುಗಿತ್ತಾ?" ಎಂದು ಕೇಳಿದ್ದಳು. ಆ ಹುಬ್ಬು ನೆನಪಾಯಿತು. ಇನ್ನೊಮ್ಮೆ ಅದು ಏಳುವುದು ಬೇಡ ಎಂದು 'ಇಲ್ಲ' ಎಂದು ಬರೆದ. ಒಂದು ಹುಡುಗಿಯ ಹುಬ್ಬಿಗೆ ಹೆದರಿ ಬರೆದ. ಅದನ್ನು ಬರೆಯುತ್ತಿದ್ದ ಹೊತ್ತಿಗೆ ಕೆಳಗೆ ಆ ಹೆಂಗಸಿನ ಗಂಡ ಬಿದ್ದುಕೊಂಡಿದ್ದ, ಬಣ್ಣದ ಡಬ್ಬಿ ಮಗುಚಿತ್ತು. ಡಬ್ಬಿಯ ಸಂಗತಿ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಬಂದಿತ್ತು, ನೀಲಿ ಬಣ್ಣ ಎಂದೂ ಇತ್ತು. ಅಂದಿನಿಂದ ಅವನು ಕಣ್ಣು ಮುಚ್ಚಿದರೆ ಆ ನೀಲಿ ಹುಲ್ಲಿನ ಮೇಲೆ ಹರಿಯುತ್ತಿತ್ತು. ಊಟದ ತಟ್ಟೆಯ ಮುಂದೆ ಹರಿಯಿತು, ಸ್ನಾನದ ನೀರಿನಲ್ಲಿ ಹರಿಯಿತು. ಕಿವಿಯಲ್ಲಿ ಇಲ್ಲದ ಗುಡುಗು ಎದೆಯಲ್ಲಿ ಕೂತು ಹೊರಳುತ್ತಿತ್ತು. ಕೇಳಿಸದ ಸದ್ದು ಹೀಗೆ ಕಾಡುತ್ತದೆ ಎಂದು ಯಾರಿಗಾದರೂ ಹೇಳಿದರೆ ನಕ್ಕಾರು.

ಹತ್ತೂವರೆಗೆ ಅವನು ತೀರ್ಮಾನ ಮಾಡಿದ. ಹೇಳಿಬಿಡುತ್ತೇನೆ. ಕೆಲಸ ಹೋದರೆ ಹೋಗಲಿ, ನಾಲ್ಕು ವರ್ಷದ ಪುಸ್ತಕ ಪೂರಾ ತಿರಸ್ಕಾರವಾದರೆ ಆಗಲಿ. ಆ ಹೆಂಗಸಿನ ಎದುರು ಕೂತು, ಈ 'ಇಲ್ಲ' ನಂಬಬೇಡಿ, ಇದನ್ನು ಬರೆದವನು ಕಿವುಡ ಎನ್ನುತ್ತೇನೆ. ಹಾಗೆ ಅಂದುಕೊಂಡ ಕೂಡಲೇ ಹೆಗಲು ಹಗುರಾಯಿತು. ನೀರು ಕುಡಿದ, ಕೂದಲು ಸರಿಮಾಡಿಕೊಂಡ. ತಾನು ಒಳ್ಳೆಯವನು ಎಂದು ಅನ್ನಿಸತೊಡಗಿತು. ಬಹಳ ದಿನಗಳ ಮೇಲೆ ಹಾಗೆ ಅನ್ನಿಸಿದ್ದಕ್ಕೆ ಕಣ್ಣೂ ತುಂಬಿತು.

ಅವಳು ಬಂದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ಮೂವತ್ತೈದರ ಒಳಗಿನ ವಯಸ್ಸು, ಇಸ್ತ್ರಿ ಮಾಡಿದ ಸೀರೆ, ದಿಬ್ಬ ಹತ್ತಿದ ಏದುಸಿರು. ಹೊರಗಿನ ಬೆಂಚಿನ ಮೇಲೆ ಎಂಟು ಒಂಬತ್ತು ವರ್ಷದ ಒಂದು ಹೆಣ್ಣುಮಗುವನ್ನು ಕೂರಿಸಿ, ಅದಕ್ಕೆ ಏನೋ ಹೇಳಿ ಒಳಗೆ ಬಂದಳು. ಮಗು ತಲೆಯೆತ್ತಲಿಲ್ಲ. ಅವಳು ಕಿಟಕಿಯ ಬೆಳಕಿಗೆ ಮುಖವಾಗಿ ಕೂರುವಂತೆ ಅವನು ಕುರ್ಚಿ ಸರಿಸಿಕೊಟ್ಟ. ಅವಳ ತುಟಿ ಸ್ಪಷ್ಟವಾಗಿ ಆಡುತ್ತಿದ್ದವು.

"ನಕಲು ರೆಡಿ ಇದೆಯಾ ಸಾರ್?"

"ಇದೆ. ಆದ್ರೆ ಅದಕ್ಕೆ ಮೊದಲು ನಿಮಗೊಂದು ಮಾತು ಹೇಳಬೇಕು ತಾಯಿ."

ಹೇಳಿದ. ತೊದಲದೆ ಹೇಳಿದ, ಕನ್ನಡಿಯ ಮುಂದೆ ಅಭ್ಯಾಸ ಮಾಡಿದವನ ಹಾಗೆ. ಪುಸ್ತಕದಲ್ಲಿ ಗುಡುಗು ಇಲ್ಲ ಎಂದಿದೆ, ಅದನ್ನು ಬರೆದವನು ನಾನು, ನನಗೆ ಕಿವಿ ಕೇಳುವುದಿಲ್ಲ. ಅವತ್ತು ಒಂದು ಕ್ಷಣ ಬೆಳಕು ಕಂಡ ಹಾಗಾಯಿತು, ಗುಡುಗಿರಲೂಬಹುದು, ಬಹುಶಃ ಗುಡುಗಿತ್ತು. ಬೇಕಾದರೆ ನಾನು ಎಲ್ಲಿಗೆ ಬಂದು ಬೇಕಾದರೂ ಹೇಳುತ್ತೇನೆ, ಬರೆದೂ ಕೊಡುತ್ತೇನೆ. ನಿಮಗೆ ಅನ್ಯಾಯ ಆಗಬಾರದು. ಹೇಳಿ ಮುಗಿಸಿ ಅವಳ ಮುಖದಲ್ಲಿ ಸಿಟ್ಟನ್ನೋ ಸಮಾಧಾನವನ್ನೋ ಹುಡುಕಿದ. ಎರಡೂ ಇರಲಿಲ್ಲ. ಮುಖದ ರಕ್ತವೇ ಇಳಿದುಹೋಗಿತ್ತು.

"ಇಲ್ಲ ಅಂತಾನೇ ಬರೆದಿದೀರಲ್ಲ?" ಎಂದಳು.

"ಬರೆದಿದೀನಿ. ಅದೇ ತಪ್ಪು ಅಂತಿದೀನಿ."

"ನನಗೆ ಆ ಇಲ್ಲ ಬೇಕಾಗಿತ್ತು ಸಾರ್."

ತುಟಿ ತಪ್ಪಾಗಿ ಓದಿದೆನೇನೋ ಎಂದು ಅವನು ಮುಂದೆ ಬಾಗಿದ. ಅವಳು ಹೊರಗಿನ ಬೆಂಚಿನ ಕಡೆ ಒಮ್ಮೆ ನೋಡಿ ಇತ್ತ ತಿರುಗಿದಳು. ಅವತ್ತು ಮಗಳ ಶಾಲೆಯಲ್ಲಿ ಕಾರ್ಯಕ್ರಮವಿತ್ತಂತೆ. ಮಗಳು ಹಾಡುವವಳಿದ್ದಳು. ಬಂದೇ ಬರುತ್ತೇನೆ ಎಂದು ವಾರದಿಂದ ಹೇಳುತ್ತಿದ್ದ ಗಂಡ ಬೆಳಿಗ್ಗೆ ಎದ್ದು, ಮಳೆ ಹಿಡಿಯುವುದರೊಳಗೆ ಟ್ಯಾಂಕು ಮುಗಿಸಬೇಕು, ಆಗೋದಿಲ್ಲ ಅಂದನಂತೆ. ಅವಳಿಗೆ ರೇಗಿತು. "ಹೊಸಿಲ ಮೇಲೇ ನಿಂತು ಕೂಗಾಡಿದೆ ಸಾರ್. ಮಗಳಿಗಿಂತ ಆ ಟ್ಯಾಂಕೇ ಹೆಚ್ಚಾಯ್ತಾ, ಸಿಡಿಲು ಬಡಿಯಾ ನಿನಗೆ ಅಂದೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅವರು ನಕ್ಕರು. ಬಡಿದ್ರೆ ಟ್ಯಾಂಕಿಗೆ ಬಡಿಯುತ್ತೆ ಬಿಡೇ, ನಾನು ಕೆಳಗಿರ್ತೀನಿ ಅಂದ್ರು. ಅದೇ ಕೊನೇ ಮಾತು."

ಹಾಗೆ ಯಾರು ಅನ್ನುವುದಿಲ್ಲ? ಅವನ ಅಮ್ಮ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದಳು, ಚೆಲ್ಲಿದ ನೀರಿಗೆ, ಹರಿದ ಅಂಗಿಗೆ. ಅಂದ ಬಾಯಲ್ಲೇ ಊಟಕ್ಕೆ ಕರೆಯುತ್ತಿದ್ದಳು. "ನಮ್ಮಮ್ಮನೂ ನನಗೆ ದಿನಾ ಅಂತಿದ್ರು ತಾಯಿ. ಅದೆಲ್ಲ ಬಾಯಿಮಾತು."

"ನಿಮಗೆ ಬಡೀಲಿಲ್ವಲ್ಲ" ಎಂದಳು ಅವಳು.

ಹೊಸಿಲ ಮೇಲಿನ ಆ ಮಾತನ್ನು ಮಗಳು ಕೇಳಿಸಿಕೊಂಡಿದ್ದಳಂತೆ, ಬಾಗಿಲ ಹತ್ತಿರವೇ ನಿಂತು ಶೂ ಹಾಕಿಕೊಳ್ಳುತ್ತಿದ್ದಳಂತೆ. ಅಪ್ಪನನ್ನು ಮನೆಗೆ ತಂದಾಗ ಯಾರೋ ಸಿಡಿಲು ಅಂದರು. ಮಗು ತಿರುಗಿ ಅಮ್ಮನ ಮುಖ ನೋಡಿತು. ಅಂದಿನಿಂದ ಅಮ್ಮನ ಜೊತೆ ಒಂದು ಮಾತಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತದೆ, ತಲೆ ಬಾಚಿದರೆ ಕೂರುತ್ತದೆ, ಮಾತು ಮಾತ್ರ ಇಲ್ಲ. ಅತ್ತೆಯವರು ಬೈದರೆ ತಡೆದುಕೊಳ್ಳಬಹುದು ಸಾರ್, ಮಗು ಸುಮ್ಮನಿದ್ದರೆ ತಡೆಯೋಕಾಗಲ್ಲ ಎಂದಳು. ದಿಬ್ಬದ ಮೇಲಿನ ಆಫೀಸಿನಲ್ಲಿ ಗುಡುಗಿದ್ದನ್ನೆಲ್ಲ ಬರೆದಿಡುತ್ತಾರೆ ಎಂದು ಯಾರೋ ಹೇಳಿದರಂತೆ. ಫೋನಿನಲ್ಲಿ ಕೇಳಿದಾಗ ಸಹಾಯಕಿ, ಇಲ್ಲಮ್ಮ, ಅವತ್ತು ಗುಡುಗಿಲ್ಲ, ಪುಸ್ತಕದಲ್ಲಿ ಇಲ್ಲ ಅಂತಿದೆ ಎಂದಿದ್ದಳು. ಇಷ್ಟು ದಿನದಲ್ಲಿ ಅವಳು ನಿದ್ದೆ ಮಾಡಿದ್ದು ಅದೊಂದೇ ರಾತ್ರಿ. ಗುಡುಗಿಲ್ಲ ಅಂದಮೇಲೆ ಸಿಡಿಲೂ ಇಲ್ಲ. ಬೇರೆ ಏನೋ ಆಗಿದೆ, ಎದೆ ನಿಂತಿದೆ, ಏಣಿ ಜಾರಿದೆ. ಏನಾದರೂ ಆಗಲಿ, ತನ್ನ ನಾಲಿಗೆಯಿಂದ ಆಗಿಲ್ಲ. ಮೊಹರು ಹಾಕಿದ ಕಾಗದ ತೋರಿಸಿದರೆ ಮಗು ನಂಬುತ್ತದೆ. ಅವಳೂ ನಂಬಬಹುದು.

"ನೀವು ಸುಮ್ನೆ ಇದ್ದಿದ್ರೆ ಆಗ್ತಿತ್ತು ಸಾರ್" ಎಂದಳು. ಬೈಯುವ ಮುಖವಲ್ಲ, ದಣಿದ ಮುಖ. "ನಾಲ್ಕು ವರ್ಷ ಸುಮ್ನಿದ್ರಲ್ಲ, ಇನ್ನೊಂದು ದಿನ ಇರಬಾರದಿತ್ತಾ?"

ಅವನಿಗೆ ತಲೆಯೆತ್ತಲಾಗಲಿಲ್ಲ. ಬೆಳಿಗ್ಗೆಯ ಆ ಹಗುರ, ಕಣ್ಣಲ್ಲಿ ಬಂದ ನೀರು, ಕೂದಲು ಸರಿಮಾಡಿಕೊಂಡದ್ದು ಎಲ್ಲ ಒಂದೊಂದಾಗಿ ನೆನಪಾಗಿ ಅಸಹ್ಯವಾಯಿತು. ಇವಳಿಗೆ ಏನು ಬೇಕು ಎಂದು ಒಂದು ಮಾತು ಕೇಳದೆ, ತನ್ನ ಹೊರೆಯನ್ನು ತಂದು ಇವಳ ಮಡಿಲಿಗೆ ಸುರಿದಿದ್ದ. ನಕಲನ್ನು ಎಳೆದುಕೊಂಡು ಮೊಹರು ಒತ್ತಿದ. 'ಮೂಲಕ್ಕೆ ಸರಿಯಾಗಿದೆ' ಎಂದು ಬರೆದು ಸಹಿ ಹಾಕಿದ. ಅದೇನೋ ನಿಜವೇ, ಮೂಲದಲ್ಲಿದ್ದ ಸುಳ್ಳು ನಕಲಿನಲ್ಲಿಯೂ ಚಾಚೂ ತಪ್ಪದೆ ಇತ್ತು. ಅವಳು ಕಾಗದ ತೆಗೆದುಕೊಳ್ಳಲಿಲ್ಲ.

"ನೀವೇ ಹೇಳಿ ಅವಳಿಗೆ. ನನ್ನ ಕೈಯಿಂದ ಕೊಟ್ರೆ ನಂಬಲ್ಲ. ದೊಡ್ಡ ಆಫೀಸಿನವರು ಹೇಳಿದ್ರೆ ನಂಬ್ತಾಳೆ."

ಹೋಗಿ ಮಗುವನ್ನು ಕರೆತಂದಳು. ಎರಡು ಜಡೆ, ಸ್ವಲ್ಪ ದೊಡ್ಡದಾದ ಶೂ. ತಾಯಿ ಹಿಂದೆ ನಿಂತು ಭುಜದ ಮೇಲೆ ಕೈಯಿಟ್ಟಳು. ಮಗು ಆ ಕೈ ಕೊಡವಲಿಲ್ಲ, ಅದರ ಕಡೆ ವಾಲಲೂ ಇಲ್ಲ. ಅವನು ಕುರ್ಚಿ ಬಿಟ್ಟೆದ್ದು ಮೇಜು ಸುತ್ತಿ ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಮಂಡಿ ನೋಯಿತು.

"ನೋಡು ಮರಿ, ಮಳೆ ಗಾಳಿ ಎಲ್ಲ ಬರೆದಿಡೋನು ನಾನೇ. ಅವತ್ತು ಮಂಗಳವಾರ ಪೂರ್ತಿ ಇಲ್ಲೇ ಇದ್ದೆ. ಗುಡುಗಲಿಲ್ಲ."

ಮಗು ಅವನ ಮುಖ ನೋಡಿತು, ಕಾಗದ ನೋಡಿತು. ಅಲ್ಲ ಎಂದು ತಲೆಯಾಡಿಸಿತು.

"ಗುಡುಗಲಿಲ್ಲ ಕಂದಾ. ಇಲ್ನೋಡು, ಮೊಹರು ಬೇರೆ ಇದೆ."

ತುಟಿ ಅಲುಗಿದವು. ಅವನು ನೋಡುತ್ತಲೇ ಇದ್ದ. ಗುಡುಗಿತು, ಎಂದಿತು ಮಗು. ನಾನು ಹಾಡ್ತಾ ಇದ್ದೆ. ಕಿಟಕಿ ಅಲುಗಾಡ್ತು, ಎಲ್ಲರೂ ಕಿರುಚಿದ್ರು. ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡಿತು. ಅಮ್ಮ ಅಂದಾಗ ಏನೂ ಆಗ್ಲಿಲ್ಲ. ಆಮೇಲೆ ಶಾಲೆಗೆ ಹೋಗ್ತಾ ದಾರೀಲಿ ನಾನೂ ಅದನ್ನೇ ಅಂದೆ. ಮೂರು ಸಲ ಅಂದೆ. ಅಮ್ಮಂಗೆ ಹೇಳ್ಬೇಡಿ.

ಅವನು ತಲೆಯೆತ್ತಿದ. ಮಗುವಿನ ತಲೆಯ ಮೇಲಿಂದ ತಾಯಿ ಬಾಗಿದ್ದಳು, ಹುಬ್ಬು ಗಂಟಿಕ್ಕಿ, ಕಿವಿ ಇತ್ತ ತಿರುಗಿಸಿ. ಮಗುವಿನ ಮಾತಿಗೆ ದನಿಯೇ ಇರಲಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಉಸಿರೂ ಇರಲಿಲ್ಲವೇನೋ, ಬರೀ ತುಟಿ.

"ಏನಂದ್ಳು ಸಾರ್?" ತಾಯಿ ಕೇಳಿದಳು. "ನನಗೆ ಕೇಳಿಸ್ಲಿಲ್ಲ."

ಮಗು ಅವನನ್ನೇ ನೋಡುತ್ತಿತ್ತು. ಬೇಡ ಎನ್ನುವ ಕಣ್ಣು. ಸ್ವಲ್ಪ ಹೊತ್ತಿನ ಹಿಂದೆ ಹೇಳಬಾರದ್ದನ್ನು ಹೇಳಿ ಕೆಡಿಸಿದ ಬಾಯಿ ಇದು, ಈಗ ಮುಚ್ಚಿಕೊಂಡಿರಲಿ ಎಂದು ಒಂದು ಮನಸ್ಸು. ಇಷ್ಟು ದಿನ ಈ ಪುಟ್ಟ ಜೀವ ಅನ್ನ ಉಂಡು, ತಲೆ ಬಾಚಿಸಿಕೊಂಡು, ತಾನೇ ಅಪ್ಪನನ್ನು ಕೊಂದೆ ಎಂದು ಒಳಗೊಳಗೇ ಹೊತ್ತುಕೊಂಡು ತಿರುಗಿದೆಯಲ್ಲ ಎಂದು ಇನ್ನೊಂದು ಮನಸ್ಸು. ಹೊತ್ತುಕೊಂಡು ತಿರುಗುವುದು ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಮಗುವಿನ ಕೈ ಹಿಡಿದುಕೊಂಡ, ತಣ್ಣಗಿತ್ತು.

"ಗುಡುಗಿತ್ತು ತಾಯಿ" ಎಂದ. "ಇವಳು ಕೇಳಿಸ್ಕೊಂಡಿದಾಳೆ. ನಿಮ್ಮ ಮೇಲೆ ಸಿಟ್ಟಿಲ್ಲ ಇವಳಿಗೆ. ನೀವಂದಿದ್ದನ್ನ ದಾರೀಲಿ ತಾನೂ ಅಂದಳಂತೆ. ತನ್ನಿಂದಾನೇ ಆಯ್ತು ಅಂದ್ಕೊಂಡಿದಾಳೆ."

ದನಿ ಎಷ್ಟು ಜೋರಾಗಿ ಬಂತೋ ಅವನಿಗೆ ಗೊತ್ತಾಗಲಿಲ್ಲ. ಪಕ್ಕದ ಕೋಣೆಯಿಂದ ಸಹಾಯಕಿ ಓಡಿಬಂದು ಬಾಗಿಲಲ್ಲಿ ನಿಂತಳು. ತಾಯಿ ನಿಂತಲ್ಲೇ ಕುಸಿದು ಕೂತಳು. ಮಗಳನ್ನು ತನ್ನ ಕಡೆ ತಿರುಗಿಸಿ, ಅದರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಏನೋ ಹೇಳತೊಡಗಿದಳು. ಅವಳ ಬೆನ್ನು ಅವನ ಕಡೆಗಿತ್ತು, ಏನು ಹೇಳುತ್ತಿದ್ದಾಳೆಂದು ಅವನಿಗೆ ಕಾಣಲಿಲ್ಲ. ತಲೆ ಮಾತ್ರ ಅಲ್ಲ, ಅಲ್ಲ ಎಂದು ಆಡುತ್ತಲೇ ಇತ್ತು. ಅವಳ ಹೆಗಲಿನ ಮೇಲಿಂದ ಮಗುವಿನ ಮುಖ ಕಂಡಿತು. ಮೊದಲು ಗದ್ದ ನಡುಗಿತು. ಆಮೇಲೆ ಬಾಯಿ ತೆರೆದುಕೊಂಡಿತು, ಕತ್ತಿನ ನರಗಳು ಉಬ್ಬಿದವು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡವು. ಬಾಗಿಲಲ್ಲಿದ್ದ ಸಹಾಯಕಿ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒರಗಿದಳು.